ಗೋಡೆ ಬಿದ್ದ ವಾರ ಫಿದ್ದಾ ಓಡಿದ ಓಟ

ಬೆಳಕು ಹರಿಯುವಷ್ಟರಲ್ಲಿ ರಫಾ ಊರಿಗೆ ಊರೇ ಬೀದಿಗಿಳಿದಿತ್ತು. ಈಜಿಪ್ಟಿನ ಗಡಿಗೆ ನಿಲ್ಲಿಸಿದ್ದ ಆ ದರಿದ್ರ ಕಬ್ಬಿಣದ ಗೋಡೆಯನ್ನು ಯಾರೋ ಸಿಡಿಮದ್ದಿಟ್ಟು ಕೆಡವಿಬಿಟ್ಟಿದ್ದರು. ಅಲ್ಲೊಂದು ಇಲ್ಲೊಂದು ಕಿಂಡಿಯಲ್ಲ ಮಾರಾಯರೆ, ತಗಡಿನ ಡಬ್ಬಿಯ ಮುಚ್ಚಳ ಬಗ್ಗಿಸಿದ ಹಾಗೆ ಉದ್ದಕ್ಕೂ ಮಲಗಿಸಿಬಿಟ್ಟಿದ್ದರು! ಎರಡು ಸಾವಿರದ ಎಂಟನೇ ಇಸವಿ, ಜನವರಿಯ ಚಳಿ. ಆ ವಾರ ಗಾಜಾದಲ್ಲಿ ಕರೆಂಟಿರಲಿಲ್ಲ, ಡೀಸೆಲ್ ಇರಲಿಲ್ಲ, ಬೇಕರಿಗಳೆಲ್ಲ ಬಾಗಿಲು ಹಾಕಿದ್ದವು. ತಿಂಗಳುಗಟ್ಟಲೆ ನಾಲ್ಕೂ ಕಡೆಯಿಂದ ಬಾಗಿಲು ಜಡಿಸಿಕೊಂಡು ಕೂತಿದ್ದ ಜನಕ್ಕೆ ಹಿತ್ತಿಲ ಬಾಗಿಲು ತಾನಾಗಿ ಬಿದ್ದರೆ ಏನಾಗಬೇಡ? ಹಲ್ಲುಜ್ಜದವರು, ಚಪ್ಪಲಿ ಸಿಗದವರು, ರಾತ್ರಿ ಅಂಗಿಯಲ್ಲೇ ಇದ್ದವರು ಎಲ್ಲರೂ ಗಡಿಯ ಕಡೆ ಓಟ ಕಿತ್ತರು.

ಫಿದ್ದಾ ಅಂಗಳದಲ್ಲಿ ಕೂತು ರೊಟ್ಟಿಗೆ ಹಿಟ್ಟು ನಾದುತ್ತಿದ್ದಳು. ಊರು ಅವಳನ್ನು ಹಿರಿಮಗನ ಹೆಸರು ಹಿಡಿದು ಉಮ್ ರಜಬ್ ಎನ್ನುತ್ತಿತ್ತು. ಐವತ್ತೆಂಟರ ಹೆಂಗಸು, ಮಂಡಿನೋವು, ಗಂಡ ತೀರಿಕೊಂಡು ವರ್ಷ ತುಂಬಿರಲಿಲ್ಲ. ಪಕ್ಕದ ಮನೆಯ ಉಮ್ ಶಾಕಿರ್ ಎರಡು ಖಾಲಿ ಕ್ಯಾನು ಹಿಡಿದು ಬಾಗಿಲಲ್ಲಿ ನಿಂತು ಏದುಸಿರು ಬಿಡುತ್ತ ಕೂಗಿದಳು.

"ಏನೇ ಫಿದ್ದಾ, ಇನ್ನೂ ಹಿಟ್ಟು ನಾದ್ತಾ ಕೂತಿದ್ದೀಯಲ್ಲೇ! ಗೋಡೆ ಬಿದ್ದೋಯ್ತು ಕಣೇ! ಆ ಕಡೆ ಸೀಮೆಎಣ್ಣೆ, ಚೀಸು, ಸಿಗರೇಟು, ಮೇಕೆ, ಏನು ಬೇಕಾದ್ರೂ ಸಿಕ್ತದಂತೆ!"

ಫಿದ್ದಾಳ ಕೈ ಹಿಟ್ಟಿನಲ್ಲೇ ನಿಂತಿತು.

"ಪೂರ್ತಿ ಬಿತ್ತಾ?"

"ಪೂರ್ತಿ! ಕತ್ತೆಗಾಡಿ ಹೋಗ್ತಾ ಇದಾವೆ ಅದರ ಮೇಲೆ! ಏಳೇ, ಕ್ಯಾನು ತಗೋ."

"ಕ್ಯಾನು ನಿನ್ನ ತಲೆಗೆ ಕವುಚ್ಕೋ. ನಂಗೆ ಸೀಮೆಎಣ್ಣೆ ಬೇಡ, ನಮ್ಮಮ್ಮ ಬೇಕು!"

ಕೈ ತೊಳೆಯುವ ವ್ಯವಧಾನವೂ ಅವಳಿಗಿರಲಿಲ್ಲ. ಆದರೆ ಬರಿಗೈಯಲ್ಲಿ ತಾಯಿಯ ಮನೆಗೆ ಹೋಗುವುದುಂಟೇ? ಮೂಲೆಯಲ್ಲಿ ಒಂದು ಬಕೆಟ್ ಸ್ಟ್ರಾಬೆರಿ ಇತ್ತು. ಉತ್ತರದ ತೋಟಗಳಲ್ಲಿ ಆ ವರ್ಷ ಹಣ್ಣು ಕೆಂಪಗೆ ಸುರಿದಿತ್ತು, ಹೊರಗೆ ಕಳಿಸಲು ಬಿಡದೆ ಗೇಟು ಮುಚ್ಚಿದ್ದರಿಂದ ಯುರೋಪಿನವರು ತಿನ್ನಬೇಕಾದ ಹಣ್ಣನ್ನು ಗಾಜಾದ ಆಡುಗಳು ತಿನ್ನುತ್ತಿದ್ದವು. ಫಿದ್ದಾ ಬಕೆಟ್ ಎತ್ತಿ ತಲೆಯ ಮೇಲಿಟ್ಟುಕೊಂಡು ಹೊರಟೇಬಿಟ್ಟಳು. ಮಂಡಿನೋವು ಎಲ್ಲಿ ಹೋಯಿತೋ ದೇವರಿಗೇ ಗೊತ್ತು.

ಅವಳ ತಾಯಿ ಸಬ್ಹಾ ಇದ್ದದ್ದು ದೂರವೇನಲ್ಲ, ಕೂಗಳತೆ. ಆದರೆ ಆ ಕೂಗಳತೆಯ ನಡುವೆ ಒಂದು ದೇಶದ ಗಡಿ ಬಂದು ಬಿದ್ದಿತ್ತು. ಸಬ್ಹಾ ನಲವತ್ತೆಂಟರಲ್ಲಿ ಯಿಬ್ನಾ ಎಂಬ ಹಳ್ಳಿಯಿಂದ ಒಕ್ಕಲೆಬ್ಬಿಸಿದ ಜನರ ಜೊತೆ ನಡೆದು ಬಂದವಳು, ಫಿದ್ದಾಳನ್ನು ನಿರಾಶ್ರಿತರ ಡೇರೆಯಲ್ಲಿ ಹಡೆದವಳು. ಫಿದ್ದಾ ಮದುವೆಯಾಗಿ ಶಿಬಿರದ ಓಣಿಯಲ್ಲೇ ಉಳಿದಳು. ಮುಂದೆ ಇಸ್ರೇಲಿ ಸೈನ್ಯ ರಸ್ತೆ ಅಗಲ ಮಾಡುತ್ತೇವೆಂದು ಮನೆಗಳನ್ನು ಒಡೆದು, ಸಬ್ಹಾಳನ್ನೂ ಕಿರಿಮಗಳು ಖದ್ರಾಳನ್ನೂ ಪಶ್ಚಿಮದ ಒಂದು ಬಡಾವಣೆಗೆ ಸಾಗಿಸಿತು. ಹಿಂದೆ ಅಲ್ಲಿ ಕೆನಡಾದ ಸೈನಿಕರು ಬೀಡುಬಿಟ್ಟಿದ್ದರಂತೆ, ಹಾಗಾಗಿ ಆ ಜಾಗಕ್ಕೆ ಕೆನಡಾ ಎಂದೇ ಹೆಸರು. ಎಂಬತ್ತೆರಡರಲ್ಲಿ ಇಸ್ರೇಲ್, ಈಜಿಪ್ಟಿನ ದೊಡ್ಡವರು ಕೂತು ಒಪ್ಪಂದದ ಪ್ರಕಾರ ಗೆರೆ ಎಳೆದರು. ಗೆರೆ ಊರಿನ ಹೊಟ್ಟೆಯ ಮೇಲೇ ಹಾದುಹೋಯಿತು. ಮಗಳು ಗಾಜಾದಲ್ಲಿ, ತಾಯಿ ಈಜಿಪ್ಟಿನಲ್ಲಿ! ಗೆರೆ ಎಳೆದವರಿಗೆ ಒಂದು ಮಾತು ಕೇಳಬೇಕೆನಿಸಲಿಲ್ಲವೇ? ನಿಮ್ಮ ಮನೆಯ ಅಡುಗೆಮನೆಗೂ ಜಗಲಿಗೂ ನಡುವೆ ಹೀಗೆ ಎಳೆದರೆ ಸುಮ್ಮನಿರುತ್ತೀರಾ?

ಫಿದ್ದಾ ಅದನ್ನೂ ನಗೆಯಾಟ ಮಾಡಿಕೊಂಡಿದ್ದಳು. ಹೊಸಬರು ಯಾರಾದರೂ "ನಿಮ್ಮಮ್ಮ ಎಲ್ಲಿದಾರೆ?" ಎಂದರೆ "ಕೆನಡಾದಲ್ಲಿ" ಎನ್ನುವಳು. "ಓಹೋ, ದೊಡ್ಡೋರು!" ಎಂದು ಅವರು ಹುಬ್ಬೇರಿಸಿದರೆ, "ಹೂಂ ಮತ್ತೆ, ಮಾಳಿಗೆ ಹತ್ತಿದ್ರೆ ಅವಳು ಒಣಹಾಕಿದ ಬಟ್ಟೆ ಕಾಣತ್ತೆ" ಎಂದು ತಾನೇ ಮೊದಲು ನಗುವಳು.

ಆ ಕಾಲದಲ್ಲಿ ನಡುವೆ ಬರೀ ಮುಳ್ಳುತಂತಿ ಇತ್ತು. ಶುಕ್ರವಾರ ಬಂತೆಂದರೆ ಎರಡೂ ಕಡೆ ಜನ ನಿಂತು ಹುಟ್ಟು ಸಾವು ಮದುವೆ ಎಲ್ಲವನ್ನೂ ಅರಚಿ ಹೇಳುವರು. ನೂರು ಮನೆಯವರು ಒಟ್ಟಿಗೆ ಅರಚಿದರೆ ಯಾರ ಮಾತು ಯಾರಿಗೆ ಕೇಳಬೇಕು! ಒಮ್ಮೆ ಖದ್ರಾಳಿಗೆ ಗಂಡು ಗೊತ್ತಾದ ಸುದ್ದಿ ಕೇಳಿ ಈ ಕಡೆ ಬೇರೆ ಯಾರದೋ ಮನೆಯವರು ಸಿಹಿ ಹಂಚಿದ್ದರು. ಆಮೇಲೆ ಮುಳ್ಳುತಂತಿಯ ಜಾಗಕ್ಕೆ ಕಬ್ಬಿಣದ ಗೋಡೆ ಬಂತು. ಗೋಡೆಯ ಅಕ್ಕಪಕ್ಕ ಬಯಲಾಗಬೇಕೆಂದು ಫಿದ್ದಾಳ ಮನೆಯನ್ನು ಬುಲ್ಡೋಜರ್ ನುಂಗಿತು. ಅವಳು ಪಾತ್ರೆಪಗಡ ಹೊತ್ತು ಇನ್ನೊಂದು ಓಣಿಗೆ ಬಂದಳು. ದಾಟಲು ಅರ್ಜಿ ಹಾಕಿದಾಗಲೆಲ್ಲ ಮಗ ಹಿಂದೆ ಜೈಲಿನಲ್ಲಿದ್ದ ಎಂಬ ನೆಪ. ದಿಗ್ಬಂಧನ ಬಿಗಿಯಾದ ಮೇಲಂತೂ ಅರ್ಜಿ ಹಾಕುವ ಮಾತೇ ನಿಂತುಹೋಯಿತು. ಗಂಡ ಸತ್ತಾಗ ಗೋರಿಗೆ ಹಾಕಲು ಸಿಮೆಂಟ್ ಸಿಗದೆ ಮುರಿದ ಮನೆಗಳ ಚಪ್ಪಡಿ ಹುಡುಕಿ ತಂದಿದ್ದರು. ಅವತ್ತು ತಾಯಿಯ ಹೆಗಲಿಗೆ ತಲೆಯಿಟ್ಟು ಅಳಬೇಕೆಂದು ಫಿದ್ದಾಗೆ ಎಷ್ಟು ಆಸೆಯಾಗಿತ್ತೆಂದರೆ, ಅದನ್ನು ಯಾರ ಹತ್ತಿರ ಹೇಳುವುದಕ್ಕೂ ನಾಚಿಕೆಯಾಗಿತ್ತು. ಆರು ಮೊಮ್ಮಕ್ಕಳ ಅಜ್ಜಿಗೆ ಅಮ್ಮ ಬೇಕಂತೆ!

ಈಗ ಆ ಗೋಡೆ ಕಾಲ ಕೆಳಗೆ ಬಿದ್ದಿತ್ತು. ಜನ ಅದರ ಮೇಲೆ ಧಡಧಡ ಹೆಜ್ಜೆ ಹಾಕುತ್ತಿದ್ದರು. ಹೋಗುವವರು ಬರಿಗೈ, ಬರುವವರ ಕೈತುಂಬ ಸಾಮಾನು. ಒಬ್ಬ ಹೆಗಲ ಮೇಲೆ ಕುರಿ ಹೊತ್ತಿದ್ದ, ಇನ್ನೊಬ್ಬ ಮೋಟಾರ್ ಬೈಕನ್ನೇ ಹೊತ್ತಿದ್ದ. ಎಲ್ಲೋ ಒಂದು ಕ್ರೇನು ಹಸುವಿಗೆ ಪಟ್ಟಿ ಕಟ್ಟಿ ಗಾಳಿಯಲ್ಲಿ ಎತ್ತಿತ್ತು. ಆ ಹಸು ನಾಲ್ಕು ಕಾಲು ಇಳಿಬಿಟ್ಟು ಎರಡೂ ದೇಶಗಳನ್ನು ನಿಧಾನವಾಗಿ ನೋಡುತ್ತಿತ್ತು. ಇಂಥದ್ದರಲ್ಲಿ ಗಾಜಾದಿಂದ ಹೊರಗೆ ಸಾಮಾನು ಹೊತ್ತವಳು ಫಿದ್ದಾ ಒಬ್ಬಳೇ!

"ಚಿಕ್ಕಮ್ಮಾ, ದಾರಿ ತಪ್ಪಿದ್ರಾ? ಸಾಮಾನು ತರೋದು ಆ ಕಡೆಯಿಂದ!" ಎಂದು ಒಬ್ಬ ರೇಗಿಸಿದ.

"ನಾನು ರಫ್ತು ಮಾಡ್ತಾ ಇದೀನಿ ಕಣಪ್ಪ. ನಿಮ್ಮ ಸರ್ಕಾರದ ಕೈಲಾಗ್ಲಿಲ್ಲ, ನಾನಾದ್ರೂ ಮಾಡ್ಬೇಕಲ್ಲ!"

ಸುತ್ತಲಿನವರು ಹೋ ಎಂದು ನಕ್ಕು ಅವಳಿಗೆ ದಾರಿ ಬಿಟ್ಟರು.

ಖದ್ರಾಳ ಮನೆ ಹುಡುಕುವುದು ಕಷ್ಟವಾಗಲಿಲ್ಲ. ನೀಲಿ ಬಾಗಿಲು, ಎದುರಿಗೆ ಮಸೀದಿ, ಫೋನಿನಲ್ಲಿ ಎಷ್ಟು ಸಲ ಕೇಳಿದ್ದಳೋ. ಬಾಗಿಲು ತೆರೆದ ಖದ್ರಾ ಅಕ್ಕನನ್ನು ಕಂಡು ಚೀರಿದಳು. ಇಬ್ಬರೂ ಒಬ್ಬರ ಮೇಲೊಬ್ಬರು ಬಿದ್ದು ಅತ್ತು, ನಕ್ಕು, ಮತ್ತೆ ಅತ್ತರು. ಬಕೆಟ್ ಉರುಳಿ ಹೊಸ್ತಿಲ ತುಂಬ ಹಣ್ಣು ಚೆಲ್ಲಿತು.

"ಅಮ್ಮ ಎಲ್ಲಿ? ಅಮ್ಮನ್ನ ತೋರ್ಸೇ ಮೊದ್ಲು!"

ಖದ್ರಾ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. "ಅಯ್ಯೋ ಅಕ್ಕಾ... ನಿಂಗೆ ಎದುರಿಗೆ ಸಿಗ್ಲಿಲ್ವಾ? ಅವಳು ನಿನ್ನ ಮನೇಗೇ ಹೋದ್ಲಲ್ಲೇ!"

"ಏನು?"

"ಸುದ್ದಿ ಕೇಳಿದ್ದೇ ತಡ, ಪಕ್ಕದ ಮನೆಯ ಕತ್ತೆಗಾಡಿ ಹತ್ತಿ ಕೂತ್ಬಿಟ್ಲು. 'ಫಿದ್ದಾಗೆ ಮಂಡಿನೋವು, ಅವಳು ಬರೋ ಹೊತ್ತಿಗೆ ಮತ್ತೆ ಗೋಡೆ ಕಟ್ತಾರೆ' ಅಂದ್ಲು. ನಾನು ಬುರ್ಖಾ ಹಾಕ್ಕೊಂಡು ಹೊರಗೆ ಬರೋದ್ರೊಳಗೆ ಗಾಡಿ ತಿರುವು ದಾಟಿತ್ತು."

ಹೇಳಿ ಮತ್ತೆ! ಬೇರೆ ಊರಿನವರಾದರೆ ಒಬ್ಬರು ಹೋಗುತ್ತಾರೆ, ಇನ್ನೊಬ್ಬರು ಕಾಯುತ್ತಾರೆ. ಕಾದು ಕಾದು ಸುಸ್ತಾದ ನಮ್ಮ ರಫಾದವರು ಬಾಗಿಲು ತೆರೆದ ಕೂಡಲೇ ಎರಡೂ ಕಡೆಯಿಂದ ಒಟ್ಟಿಗೇ ಓಡುತ್ತಾರೆ. ಆ ದಿನ ಹೀಗೆ ಅದಲುಬದಲಾದವರು ಇವರಿಬ್ಬರೇ ಅಲ್ಲ.

ಫಿದ್ದಾ ಹಿಂದಕ್ಕೆ ತಿರುಗಿದಳು. ಅಷ್ಟರಲ್ಲಿ ಖದ್ರಾಳ ಗಂಡ ಸುವೈಲಿಮ್ ಕಾಫಿಯ ತಟ್ಟೆ ಹಿಡಿದು ಬಾಗಿಲಿಗೇ ಅಡ್ಡ ನಿಂತ. ಸಿನಾಯ್ ಮರುಭೂಮಿಯ ಮನುಷ್ಯ, ಅತಿಥಿ ಕಾಫಿ ಕುಡಿಯದೆ ಹೋದರೆ ಅವನ ಪಾಲಿಗೆ ಅದು ಕೆನ್ನೆಗೆ ಬಾರಿಸಿದ ಹಾಗೆ.

"ಅತ್ತಿಗೆ, ಇಷ್ಟು ವರ್ಷಕ್ಕೆ ಬಂದಿದ್ದೀರಿ. ಕುಡೀದೆ ಹೆಜ್ಜೆ ಇಟ್ರೆ ನನ್ನ ಆಣೆ."

"ಭಾವಾ, ಅಮ್ಮ ಅಲ್ಲಿ..."

"ಅಮ್ಮ ಎಲ್ಲೂ ಹೋಗಲ್ಲ. ಆಣೆ ಇಟ್ಟಿದ್ದೀನಿ."

ಕುದಿಯುವ ಕಾಫಿಯನ್ನು ಫಿದ್ದಾ ಒಂದೇ ಗುಟುಕಿಗೆ ಗಂಟಲಿಗಿಳಿಸಿದಳು. ನಾಲಿಗೆ ಸುಟ್ಟು ಕಣ್ಣಲ್ಲಿ ನೀರು ಬಂತು. ಅವನು ಎರಡನೆಯದು ಸುರಿಯಲು ಕೈಯೆತ್ತುವಷ್ಟರಲ್ಲಿ ಅಕ್ಕತಂಗಿಯರಿಬ್ಬರೂ ಅವನ ತೋಳಿನ ಕೆಳಗೆ ನುಸುಳಿ ಬೀದಿಯಲ್ಲಿದ್ದರು.

ಒಡೆದ ಗೋಡೆಯ ಹತ್ತಿರ ನೂಕುನುಗ್ಗಲು ಹೆಚ್ಚಾಗಿತ್ತು. ಇನ್ನೊಂದು ಗಳಿಗೆಯಲ್ಲಿ ಮುಚ್ಚುತ್ತಾರಂತೆ ಎಂಬ ಗುಲ್ಲು ಎದ್ದು, ಹೋದವರು ಬರಲು, ಬಂದವರು ಹೋಗಲು ಮೇಲೆ ಬೀಳುತ್ತಿದ್ದರು. ಈಗ ಮುಚ್ಚಿಬಿಟ್ಟರೆ? ಅಮ್ಮ ನನ್ನ ಮನೆಯಲ್ಲಿ, ನಾನು ಅಮ್ಮನ ಮನೆಯಲ್ಲಿ! ಫಿದ್ದಾ ಸಿಕ್ಕ ಕತ್ತೆಗಾಡಿಗಳಲ್ಲೆಲ್ಲ ಇಣುಕಿದಳು. ಕೊನೆಗೆ ಒಂದು ಎತ್ತರದ ಮಣ್ಣುಗುಡ್ಡೆ ಹತ್ತಿ, "ಹಜ್ಜಾ ಸಬ್ಹಾ! ಯಿಬ್ನಾದ ಸಬ್ಹಾ!" ಎಂದು ಕೂಗಿದಳು. ಎಂಥ ಗಂಟಲು ಅದು! ಹಿರಿಯ ಹೆಂಗಸರಿಗೆಲ್ಲ ಹಜ್ಜಾ ಎನ್ನುವ ಊರು, ನಾಲ್ಕಾರು ಮುದುಕಿಯರು ಒಟ್ಟಿಗೆ ತಿರುಗಿ "ಏನಮ್ಮಾ?" ಎಂದರು. ಅವರಲ್ಲಿ ಅವಳ ತಾಯಿ ಇರಲಿಲ್ಲ.

ಓಣಿ ಮುಟ್ಟುವಾಗ ಫಿದ್ದಾಗೆ ಉಸಿರಿರಲಿಲ್ಲ. ಮನೆಯ ಬಾಗಿಲಲ್ಲಿ ಕತ್ತೆಗಾಡಿ ನಿಂತಿತ್ತು. ಒಳಗೆ, ಅವಳದೇ ಹಾಸಿಗೆಯ ಮೇಲೆ, ಹಣ್ಣುಹಣ್ಣು ಮುದುಕಿಯೊಂದು ಕಾಲು ನೀಡಿ ಕೂತು ಉಮ್ ಶಾಕಿರಳಿಗೆ ಬಯ್ಯುತ್ತಿತ್ತು.

"ಇದೇನು ಚಹಾನಾ, ಪಾತ್ರೆ ತೊಳೆದ ನೀರಾ? ನನ್ನ ಮಗಳ ಮನೇಲಿ ಸಕ್ಕರೆ ಇಲ್ವಾ?"

"ಇಡೀ ಗಾಜಾದಲ್ಲೇ ಇಲ್ಲ ಅಜ್ಜಿ. ತರೋಕ್ಕೇ ಹೊರಟಿದ್ದೆ, ನೀವು ಬಂದು ಹಿಡ್ಕೊಂಡ್ರಿ," ಎಂದು ಉಮ್ ಶಾಕಿರ್ ತಲೆ ಚಚ್ಚಿಕೊಂಡಳು.

ಫಿದ್ದಾ ಹೊಸ್ತಿಲಲ್ಲಿ ನಿಂತಳು. ಸಬ್ಹಾ ಕಣ್ಣು ಕಿರಿದು ಮಾಡಿ ಅವಳನ್ನು ಮೇಲಿಂದ ಕೆಳಗೆ ನೋಡಿದಳು.

"ಈ ಮುದುಕಿ ಯಾರೇ? ಬೀಗಿತ್ತಿನಾ? ಫಿದ್ದಾನ್ನ ಕರೀರಿ ಅಂತ ಆವಾಗಿಂದ ಹೇಳ್ತಾ ಇದೀನಿ!"

"ಯಮ್ಮಾ, ನಾನೇ ಕಣಮ್ಮಾ ಫಿದ್ದಾ."

ಮುದುಕಿಯ ಮನಸ್ಸಿನಲ್ಲಿ ಇದ್ದದ್ದು ತಂತಿಯಾಚೆ ನಿಂತು ಅರಚುತ್ತಿದ್ದ ಕಪ್ಪು ಜಡೆಯ ಹೆಣ್ಣು. ಎರಡೂ ಕೈ ಚಾಚಿ ಮಗಳ ಮುಖವನ್ನು ಹಿಡಿದು, ಹಣೆ, ಕೆನ್ನೆ, ಗಲ್ಲ ಎಲ್ಲ ತಡವಿದಳು. ಕೈಗೆ ಒಣಗಿದ ಹಿಟ್ಟು ಹತ್ತಿತು.

"ಇಷ್ಟು ವಯಸ್ಸಾಗೋವರೆಗೂ ಏನು ಮಾಡ್ತಿದ್ಯೇ ನೀನು?" ಎಂದು ಗದರಿ, ಬಿಕ್ಕಿಬಿಕ್ಕಿ ಅತ್ತಳು.

ಫಿದ್ದಾ ಅವಳ ಹೆಗಲಿಗೆ ತಲೆಯಿಟ್ಟಳು. ಗಂಡನಿಗಾಗಿ ಉಳಿಸಿಟ್ಟ ಅಳು, ಮನೆಗಾಗಿ ಉಳಿಸಿಟ್ಟ ಅಳು, ಎಲ್ಲವೂ ಒಟ್ಟಿಗೆ ಬಂತು. ಖದ್ರಾ ಬಾಗಿಲಿಗೊರಗಿ ಅಳುತ್ತಿದ್ದಳು, ಗಾಡಿಯವನೂ ಮೂಗೊರೆಸಿಕೊಂಡ. ಕೊನೆಗೆ ಉಮ್ ಶಾಕಿರಳೇ "ಸಾಕು ಬಿಡ್ರೇ, ಮದುವೆ ಮನೆ ಹಂಗಿರ್ಬೇಕು ಇವತ್ತು!" ಎಂದು ನಾಲಿಗೆ ಹೊರಳಿಸಿ ಸಂಭ್ರಮದ ಕೇಕೆ ಹಾಕಿದಳು. ಓಣಿಯ ಹೆಂಗಸರೆಲ್ಲ ದನಿಗೂಡಿಸಿದರು.

ಆ ದಿನ ಗೋಡೆ ಮುಚ್ಚಲಿಲ್ಲ, ಮರುದಿನವೂ ಮುಚ್ಚಲಿಲ್ಲ. ಅಬ್ಬಾ, ಎಂಥ ದಿನಗಳವು! ಖದ್ರಾ ಬೆಳಿಗ್ಗೆ ಬಂದು ಸಂಜೆ ಹೋಗುವಳು, ಯಾರದೋ ನೆರೆಮನೆಗೆ ಹೋಗಿಬಂದಷ್ಟು ಸಲೀಸು. ಸುವೈಲಿಮ್ ಸಕ್ಕರೆ ಹೊತ್ತು ತಂದ, ಕಾಫಿಪುಡಿ ತಂದ, ಅತ್ತಿಗೆ ಕುಡಿಯದೆ ಬಿಟ್ಟ ಎರಡನೆಯ ಕಾಫಿಯನ್ನು ಅವಳ ಮನೆಯಲ್ಲೇ ಕಾಸಿ ಕುಡಿಸಿದ. ಫಿದ್ದಾ ಹಸಿಮೆಣಸು ಸಬ್ಬಸಿಗೆ ಕುಟ್ಟಿ, ಟೊಮ್ಯಾಟೊ ಹಾಕಿ ಎಣ್ಣೆ ಸುರಿದು ತಾಯಿಗೆ ಇಷ್ಟವಾದ ಚಟ್ನಿ ಮಾಡಿದಳು. ಸಬ್ಹಾ ಓಣಿಯಲ್ಲಿ ಖುರ್ಚಿ ಹಾಕಿಸಿಕೊಂಡು ಕೂತು, ಹೋಗುವ ಬರುವವರನ್ನೆಲ್ಲ ನಿಲ್ಲಿಸಿ "ನೀನು ಯಾರ ಮಗ? ಯಾವ ಹಳ್ಳಿಯವರು ನಿಮ್ಮಜ್ಜ?" ಎಂದು ವಿಚಾರಿಸುವಳು. ಮೊಮ್ಮಕ್ಕಳ ಮಕ್ಕಳಿಗೆ ಸ್ನಾನ ಮಾಡಿಸುವಳು. ರಾತ್ರಿ ಮಗಳ ಪಕ್ಕದಲ್ಲಿ ಗೊರಕೆ ಹೊಡೆಯುವಳು. ಆ ಗೊರಕೆ ಕೇಳುತ್ತ ಮಲಗುವ ಸುಖ ಫಿದ್ದಾಗೆ ಮಾತ್ರ ಗೊತ್ತು.

ಆದರೆ ಸಬ್ಹಾಗೆ ಹೃದಯದ ಕಾಯಿಲೆ. ಈಜಿಪ್ಟಿನ ಕಡೆ ಮಾತ್ರೆ ಯಾವ ಅಂಗಡಿಯಲ್ಲೂ ಸಿಗುತ್ತಿತ್ತು. ಗಾಜಾದಲ್ಲಿ ಔಷಧಿ ಅಂಗಡಿಯವನು ಅದರ ಹೆಸರು ಕೇಳಿ ನಕ್ಕುಬಿಟ್ಟಿದ್ದ. ಗೋಡೆ ಮುಚ್ಚುವ ದಿನ ಅಮ್ಮ ವಾಪಸ್ ಹೋಗಲೇಬೇಕು ಎಂದು ಅಕ್ಕತಂಗಿಯರು ಮಾತಾಡಿಕೊಂಡಿದ್ದರು. ಫಿದ್ದಾ ಹೂಂ ಎಂದಿದ್ದಳು. ಹೂಂ ಎನ್ನದೆ ಇನ್ನೇನೆನ್ನುತ್ತಾಳೆ? ತನ್ನ ಆಸೆಗೆ ತಾಯಿಯ ಜೀವ ಪಣಕ್ಕಿಡುತ್ತಾಳೆಯೇ? ಆದರೂ ಪ್ರತಿ ಬೆಳಿಗ್ಗೆ ಎದ್ದು, ಇವತ್ತೊಂದು ದಿನ ಮುಚ್ಚದಿರಲಿ ದೇವರೇ ಎಂದು ಕೇಳಿಕೊಳ್ಳುವಳು.

ಕೊನೆಗೊಂದು ಬೆಳಿಗ್ಗೆ ಮೈಕಿನಲ್ಲಿ ಕೂಗಿದರು. ಗಡಿ ಮುಚ್ಚುತ್ತಿದೆ, ಆ ಕಡೆಯವರು ಆ ಕಡೆಗೆ, ಈ ಕಡೆಯವರು ಈ ಕಡೆಗೆ. ಸುವೈಲಿಮ್ ಗಾಡಿ ತಂದ. ಫಿದ್ದಾ ತಾಯಿಯ ಬಟ್ಟೆ ಮಡಚಿ ಗಂಟು ಕಟ್ಟಿದಳು.

"ಏನದು ಗಂಟು?" ಎಂದಳು ಸಬ್ಹಾ.

"ನಿಂದೇ ಅಮ್ಮಾ. ಖದ್ರಾ ಕಾಯ್ತಾ ಇದಾಳೆ."

"ನನ್ನನ್ನ ಕೇಳ್ದೋರು ಯಾರು?"

"ಮಾತ್ರೆ ಇಲ್ಲ ಅಮ್ಮಾ ಇಲ್ಲಿ. ನಿಂಗೆ ಕೈ ಮುಗೀತೀನಿ, ಹಟ ಮಾಡ್ಬೇಡ."

ಮುದುಕಿ ಗಾಡಿ ಹತ್ತಿತು, ದಾರಿಯುದ್ದಕ್ಕೂ ಮುಖ ಗಂಟಿಕ್ಕಿಕೊಂಡು ಕೂತಿತು. ಗಡಿಯಲ್ಲಿ ಆಗಲೇ ಮುಳ್ಳುತಂತಿಯ ಸುರುಳಿ ಎಳೆದಿದ್ದರು, ಒಂದು ಗಾಡಿ ಹೋಗುವಷ್ಟು ಸಂದು ಮಾತ್ರ ಉಳಿದಿತ್ತು. ಆಚೆ ಖದ್ರಾ ನಿಂತಿದ್ದಳು. ಮೀಸೆ ಮೂಡದ ಈಜಿಪ್ಟಿನ ಸೈನಿಕನೊಬ್ಬ ಗಾಡಿ ತಡೆದ.

"ಬೇಗ ಹೇಳಿ ಅಜ್ಜಿ, ಈ ಕಡೆಯೋರಾ, ಆ ಕಡೆಯೋರಾ?"

ಸಬ್ಹಾ ಸುವೈಲಿಮ್‌ನ ಹೆಗಲು ಹಿಡಿದು ಗಾಡಿಯಿಂದ ಕೆಳಗಿಳಿದಳು.

"ಕೇಳಿದ್ಯಲ್ಲಪ್ಪ, ನಿನ್ನ ಹೊಟ್ಟೆ ತಣ್ಣಗಿರ್ಲಿ. ಇಷ್ಟು ವರ್ಷದಲ್ಲಿ ಯಾರೂ ಕೇಳಿರ್ಲಿಲ್ಲ. ಹಳ್ಳಿಯಿಂದ ಓಡಿಸಿದಾಗ ಕೇಳ್ಲಿಲ್ಲ, ಮನೆ ಒಡೆದಾಗ ಕೇಳ್ಲಿಲ್ಲ, ಗೆರೆ ಎಳೆದಾಗ ಕೇಳ್ಲಿಲ್ಲ. ನಾನು ಈ ಕಡೆ. ಗಾಜಾ ಕಡೆ."

"ಅಮ್ಮಾ!" ಎಂದು ಇಬ್ಬರು ಮಕ್ಕಳೂ ಒಟ್ಟಿಗೆ ಕೂಗಿದರು.

"ಬಾಯ್ಮುಚ್ರಿ ಇಬ್ರೂ. ಖದ್ರಾ, ನಿನ್ನ ಹತ್ರ ಇಷ್ಟು ಕಾಲ ಇದ್ದೆ, ನೀನು ನನ್ನ ರಾಣಿ ಹಂಗೆ ನೋಡ್ಕೊಂಡೆ. ಇವಳಿಗೆ ಗಂಡ ಇಲ್ಲ, ಹೊರಗೆ ಹೋಗೋಕೆ ದಾರಿ ಇಲ್ಲ. ಇನ್ನುಳಿದಿದ್ದು ಇವಳ ಪಾಲಿಗೆ."

"ಸತ್ತೋಗ್ತೀಯಮ್ಮಾ!" ಎಂದು ಖದ್ರಾ ಗೋಳೋ ಎಂದಳು.

"ಅಲ್ಲಿದ್ರೆ ಸಾಯಲ್ವಾ?"

ಸೈನಿಕ ಏನು ಮಾಡಬೇಕೆಂದು ತಿಳಿಯದೆ ಹಿಂದೆ ಮುಂದೆ ನೋಡಿದ. ಅವನ ಮೇಲಿನವನು ಸಂದು ಮುಚ್ಚಲು ಕೂಗುತ್ತಿದ್ದ. ಸುವೈಲಿಮ್ ತಲೆ ತಗ್ಗಿಸಿ ಖಾಲಿ ಗಾಡಿಯನ್ನು ಆಚೆ ಹೊಡೆದ. ಸುರುಳಿ ಎಳೆದರು.

ಫಿದ್ದಾ ಅಲ್ಲಿ ತಾಯಿಯನ್ನು ಬೇಡ ಹೋಗು ಎಂದು ತಳ್ಳಬೇಕಿತ್ತು. ತಳ್ಳಲಿಲ್ಲ. ಎದೆಯೊಳಗೆ ಎಂಥ ಸಂತೋಷ ಉಕ್ಕಿತೆಂದರೆ, ಬಿಟ್ಟರೆ ಕುಣಿದುಬಿಡುತ್ತಿದ್ದಳು. ಅದೇ ಗಳಿಗೆಯಲ್ಲಿ ತಂಗಿಯ ಮುಖ ನೋಡಿದಳು, ನಾಚಿಕೆಯಿಂದ ಮೈ ಸುಟ್ಟುಹೋಯಿತು.

ಖದ್ರಾ ತಂತಿಯವರೆಗೆ ಬಂದು ತನ್ನ ಚೀಲದಿಂದ ಮಾತ್ರೆಯ ಪೊಟ್ಟಣ ತೆಗೆದು ಸೈನಿಕನ ಕೈಗಿಟ್ಟಳು. ಅವನು ಸುತ್ತ ನೋಡಿ, ತಂತಿಯ ಮೇಲಿಂದ ಬಗ್ಗಿ ಅದನ್ನು ಫಿದ್ದಾಗೆ ಕೊಟ್ಟ.

"ಬಿಳೀದು ಬೆಳಿಗ್ಗೆ, ಹಳದೀದು ಅರ್ಧ ಮಾಡಿ ರಾತ್ರಿ," ಎಂದಳು ಖದ್ರಾ. "ಉಪ್ಪು ಕೊಡ್ಬೇಡ. ಕೇಳ್ತಾಳೆ, ಬಯ್ತಾಳೆ, ಕೊಡ್ಬೇಡ."

"ಇಲ್ಲ ಕಣೇ, ಕೊಡಲ್ಲ."

"ಒಂದು ತಿಂಗಳಿಗೆ ಆಗತ್ತೆ ಅಷ್ಟು. ಆಮೇಲೇನು ಮಾಡ್ತೀಯೇ ಅಕ್ಕಾ?"

ಫಿದ್ದಾ ಪೊಟ್ಟಣವನ್ನು ಎದೆಗವಚಿಕೊಂಡು ನಿಂತಳು. ಸೈನಿಕನೂ ಉತ್ತರ ಕೇಳಲು ನಿಂತವನಂತೆ ಅವಳನ್ನೇ ನೋಡುತ್ತಿದ್ದ. ಸಬ್ಹಾ ಮಗಳ ತೋಳು ಹಿಡಿದು ಜಗ್ಗಿದಳು.

"ನಡಿಯೇ ಮನೆಗೆ, ಹಸಿವಾಗ್ತಿದೆ ನಂಗೆ."